ರಾತ್ರಿ ಒಂಬತ್ತರ ಇಂಗ್ಲಿಷು

ಕಳೆದ ದೀಪಾವಳಿಯ ಹಿಂದುಮುಂದಿನ ದಿನಗಳಲ್ಲಿ ಪುಸ್ತಕದ ಕಪಾಟನ್ನು ಒರೆಸುತ್ತಿದ್ದ ಮೊಮ್ಮಗಳ ಕೈಗೆ ನನ್ನ ಹಳೆಯ ನೋಟುಬುಕ್ಕೊಂದು ಸಿಕ್ಕಿತು. ರಟ್ಟು ಸಡಿಲಗೊಂಡಿದೆ, ಅಂಚನ್ನು ಅಲ್ಲಲ್ಲಿ ಹುಳು ತಿಂದಿದೆ, ಮಸಿ ಕಂದು ಬಣ್ಣಕ್ಕೆ ತಿರುಗಿದೆ. ಪ್ರತಿ ಪುಟದ ನಡುವೆ ಉದ್ದಕ್ಕೆ ಒಂದು ಗೆರೆ. ಗೆರೆಯ ಎಡಕ್ಕೆ ಇಂಗ್ಲಿಷು, ಬಲಕ್ಕೆ ಕನ್ನಡ. ಅವಳು ನಡುವಿನ ಒಂದು ಪುಟ ತೆರೆದು ಗಟ್ಟಿಯಾಗಿ ಓದಿದಳು: "ಡಿಪ್ರೆಶನ್ ಓವರ್ ದಿ ಬೇ ಆಫ್ ಬೆಂಗಾಲ್, ಬಂಗಾಳ ಉಪಸಾಗರದ ಮೇಲೆ ದುಃಖ." ಓದಿದವಳೇ ನಕ್ಕು ನಕ್ಕು ನೆಲಕ್ಕೆ ಕುಳಿತಳು. "ಅಜ್ಜಾ, ಸಮುದ್ರಕ್ಕ ಯಾಕ ದುಃಖ ಆಗಿತ್ತು?"

ನಾನೂ ನಕ್ಕೆ. ಆದರೆ ಅದನ್ನು ಬರೆದ ರಾತ್ರಿ ನನಗೆ ನಗು ಬಂದಿರಲಿಲ್ಲ.

ಅದು 1968ನೆಯ ಇಸವಿ. ಬೈಲಹೊಂಗಲ ಸೀಮೆಯ ನಮ್ಮ ಹಳ್ಳಿಯಿಂದ ಪಿ.ಯು.ಸಿ. ಓದಲೆಂದು ಧಾರವಾಡಕ್ಕೆ ಬಂದಿದ್ದೆ. ಆ ಕಾಲಕ್ಕೆ ನಮ್ಮ ಭಾಗದ ಹಳ್ಳಿಯ ಶಾಲೆಯಲ್ಲಿ ಎಂಟನೆಯ ಇಯತ್ತೆಗೆ ಬಂದ ಮೇಲೆಯೇ ಎ, ಬಿ, ಸಿ, ಡಿ ಆರಂಭ. ಗಣಿತ, ಇತಿಹಾಸ, ವಿಜ್ಞಾನಗಳನ್ನೆಲ್ಲ ಎಸ್.ಎಸ್.ಎಲ್.ಸಿ.ಯವರೆಗೆ ಕನ್ನಡದಲ್ಲಿಯೇ ಓದಿ, ತರಗತಿಗೆ ಮೊದಲಿಗನೆಂದು ಊರ ಹಿರಿಯರಿಂದ ಬೆನ್ನು ತಟ್ಟಿಸಿಕೊಂಡು ಬಂದವನು, ಕಾಲೇಜಿನ ಮೊದಲ ದಿನ ಕಿವುಡನಂತೆ ಕುಳಿತೆ. ಪ್ರಾಧ್ಯಾಪಕರ ತುಟಿಗಳು ಅಲುಗಾಡುತ್ತಿದ್ದವು. ನನಗೆ ಕೇಳಿಸುತ್ತಿದ್ದುದು ಬರಿಯ ನಾದ. ಮೊದಲ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 100ಕ್ಕೆ 11 ಅಂಕಗಳು ಬಂದವು. ಹಾಸಿಗೆ ಸುತ್ತಿಕೊಂಡು ಊರಿಗೆ ಹೋಗಿಬಿಡುವುದೆಂದು ನಿಶ್ಚಯಿಸಿದೆ. ಊರಲ್ಲಿ ಎಂಟು ಎಕರೆ ಎರೆಭೂಮಿ ಇತ್ತು, ಎರಡು ಎತ್ತುಗಳಿದ್ದವು. ಒಕ್ಕಲುತನಕ್ಕೆ ಇಂಗ್ಲಿಷು ಬೇಕಾಗಿರಲಿಲ್ಲ.

ನಾನು ಇಳಿದುಕೊಂಡಿದ್ದುದು ಮಠವೊಂದು ನಡೆಸುತ್ತಿದ್ದ ಉಚಿತ ಪ್ರಸಾದ ನಿಲಯದಲ್ಲಿ. ಇಂಥ ನಿಲಯಗಳನ್ನು ನಮ್ಮ ಪೂಜ್ಯರು ಊರೂರು ತಿರುಗಿ ಜೋಳ ಬೇಡಿ ನಡೆಸದೇ ಹೋಗಿದ್ದರೆ, ನನ್ನಂಥ ಎಷ್ಟು ಸಾವಿರ ಒಕ್ಕಲು ಮಕ್ಕಳು ನೇಗಿಲ ಹಿಂದೆಯೇ ಉಳಿಯುತ್ತಿದ್ದರೋ! ನಿಲಯದ ಮೇಲ್ವಿಚಾರಣೆಗೆ ನಿವೃತ್ತ ಶಿಕ್ಷಕರೊಬ್ಬರಿದ್ದರು. ನಾವೆಲ್ಲ ಅವರನ್ನು ಮಾಸ್ತರರು ಎಂದೇ ಕರೆಯುತ್ತಿದ್ದೆವು. ಹಾಸಿಗೆ ಕಟ್ಟುತ್ತಿದ್ದ ನನ್ನನ್ನು ಕಂಡು ಅವರು ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ತಮ್ಮಾ, ನಿನ್ನ ಇಂಗ್ಲೀಷು ಕಣ್ಣಾಗ ಐತಿ, ಕಿವ್ಯಾಗ ಇಲ್ಲ. ಇವತ್ತ ರಾತ್ರಿ ಪ್ರಸಾದ ಆದಮ್ಯಾಲ ಆಫೀಸಿಗೆ ಬಾ" ಎಂದರು ಅಷ್ಟೇ.

ನಿಲಯದ ಕಚೇರಿಯಲ್ಲಿ ಭಕ್ತರೊಬ್ಬರು ಕಾಣಿಕೆಯಾಗಿ ಕೊಟ್ಟ ಮರ್ಫಿ ರೇಡಿಯೋ ಇತ್ತು. ಅದಕ್ಕೆ ಕಸೂತಿಯ ಒಂದು ಹೊದಿಕೆ. ಒಳಗಿನ ವಾಲ್ವುಗಳು ಕಾಯುವವರೆಗೆ ಒಂದೆರಡು ನಿಮಿಷ ಅದು ಮೂಕ. ಆಮೇಲೆ ಗುಂಯ್ಯೆಂಬ ಸದ್ದು, ಆಮೇಲೆ ದಿಲ್ಲಿ. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸಿನ ಹಣ ಕಟ್ಟಬೇಕಾಗಿದ್ದ ಕಾಲ ಅದು. ರಾತ್ರಿ ಸರಿಯಾಗಿ ಒಂಬತ್ತಕ್ಕೆ ಇಂಗ್ಲಿಷ್ ವಾರ್ತೆ. ಮೆಲ್ವಿಲ್ ಡಿಮೆಲ್ಲೊ, ಸುರೊಜಿತ್ ಸೇನ್, ಲೋತಿಕಾ ರತ್ನಂ, ಬರುನ್ ಹಲ್ದಾರ್ ಮೊದಲಾದವರು ಅಂದಿನ ಓದುಗರು. 1948ರಲ್ಲಿ ಗಾಂಧೀಜಿಯವರ ಅಂತಿಮ ಯಾತ್ರೆಯ ವಿವರಣೆಯನ್ನು ಇದೇ ಡಿಮೆಲ್ಲೊ ಏಳು ತಾಸು ಬಿಡದೆ ಕೊಟ್ಟಿದ್ದರೆಂದು ಮಾಸ್ತರರು ಹೇಳುತ್ತಿದ್ದರು. ಇವರಲ್ಲಿ ಯಾರೂ ಅವಸರಿಸುತ್ತಿರಲಿಲ್ಲ. ಪ್ರತಿ ಶಬ್ದಕ್ಕೂ ಅದರ ಅಂತ್ಯಾಕ್ಷರವನ್ನು ಪೂರ್ತಿ ಸಲ್ಲಿಸಿ, ವಾಕ್ಯ ಮುಗಿದಲ್ಲಿ ಒಂದು ಉಸಿರಿನಷ್ಟು ತಡೆದು ಮುಂದೆ ಹೋಗುತ್ತಿದ್ದರು. ಆದರೂ ಮೊದಲ ರಾತ್ರಿ ನನಗೆ ತಿಳಿದುದು ಆಲ್ ಇಂಡಿಯಾ ರೇಡಿಯೋ, ಪ್ರೈಮ್ ಮಿನಿಸ್ಟರ್ ಮತ್ತು ಗುಡ್ ನೈಟ್ ಇಷ್ಟೇ.

ಮಾಸ್ತರರ ವಿಧಾನ ಸರಳವಾಗಿತ್ತು. ಕೇಳಿದ ಶಬ್ದಗಳಲ್ಲಿ ಹತ್ತನ್ನು ಮಾತ್ರ, ಕಿವಿಗೆ ಬಿದ್ದಂತೆ ಕನ್ನಡ ಲಿಪಿಯಲ್ಲಿಯೇ ಎಡಗಡೆಗೆ ಬರೆಯಬೇಕು. ಬಲಗಡೆಗೆ ಊಹೆಯ ಅರ್ಥ. ನಿಘಂಟನ್ನು ಮುಟ್ಟಕೂಡದು. ಬೆಳಿಗ್ಗೆ 7 ಗಂಟೆ 35 ನಿಮಿಷಕ್ಕೆ ದಿಲ್ಲಿಯಿಂದ ಕನ್ನಡ ವಾರ್ತೆ ಬರುತ್ತದೆ. ಅದನ್ನು ಕೇಳಿ ಊಹೆಯನ್ನು ತಿದ್ದಬೇಕು. ಇದರ ಮರ್ಮವನ್ನು ಅವರು ಮೊದಲು ಹೇಳಲಿಲ್ಲ. ಒಂದು ವಾರ ಕಳೆದ ಮೇಲೆ ನನಗೇ ಹೊಳೆಯಿತು. ರಾತ್ರಿ ಕೇಳಿದ ಸುದ್ದಿಯೇ ಬೆಳಿಗ್ಗೆ ಕನ್ನಡದ ಉಡುಪಿನಲ್ಲಿ ಬಂದು ನಿಲ್ಲುತ್ತಿತ್ತು. ಬರಿಯ ಸುದ್ದಿಯಲ್ಲ, ವಾಕ್ಯಕ್ಕೆ ವಾಕ್ಯ ಅದೇ. ದಿಲ್ಲಿಯ ಸುದ್ದಿಮನೆಯಲ್ಲಿ ಮೂಲ ಪ್ರತಿ ಇಂಗ್ಲಿಷಿನಲ್ಲಿ ಸಿದ್ಧವಾಗುತ್ತದೆ, ಆಯಾ ಭಾಷೆಯವರು ಅದನ್ನು ತಮ್ಮ ಭಾಷೆಗೆ ಅನುವಾದಿಸಿ ಓದುತ್ತಾರೆ ಎಂಬುದು ಬಳಿಕ ತಿಳಿಯಿತು. ರಾತ್ರಿ "ಕಾರ್ಡಿಯಲ್ ಅಟ್ಮಾಸ್ಫಿಯರ್" ಎಂದದ್ದು ಬೆಳಿಗ್ಗೆ "ಸೌಹಾರ್ದಯುತ ವಾತಾವರಣ" ಆಗುತ್ತಿತ್ತು. "ಅನ್‌ಟುವರ್ಡ್ ಇನ್ಸಿಡೆಂಟ್" ಎಂಬುದು "ಅಹಿತಕರ ಘಟನೆ." ನನ್ನ ಉಪಸಾಗರದ ದುಃಖವು ಬೆಳಿಗ್ಗೆ ವಾಯುಭಾರ ಕುಸಿತವಾಗಿ ಬಂದು ನನ್ನನ್ನು ನಾಚಿಸಿತು. ನಮ್ಮ ಹಳ್ಳಿಯಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ, ನಿಜ. ಎಷ್ಟೋ ಸಲ ನಾನು ಕಲಿಯುತ್ತಿದ್ದುದು ಇಂಗ್ಲಿಷನ್ನೋ ವಾರ್ತೆಯ ಕನ್ನಡವನ್ನೋ ಎಂಬ ಸಂಶಯವೂ ಬರುತ್ತಿತ್ತು. ಎರಡೂ ನನಗೆ ಅಷ್ಟೇ ಹೊಸವು.

ತಪ್ಪುಗಳ ಪಟ್ಟಿ ದೊಡ್ಡದಿದೆ. "ದಿ ಹೌಸ್ ವಾಸ್ ಅಡ್ಜರ್ನ್ಡ್" ಎಂದಾಗ ಯಾರದೋ ಮನೆಗೆ ಏನೋ ಆಗಿದೆ ಎಂದುಕೊಂಡೆ. ಲೋಕಸಭೆಯ ಮುಂದೆ ಬಂದ "ಬಿಲ್" ನನಗೆ ಕಿರಾಣಿ ಅಂಗಡಿಯ ಚೀಟಿ. "ಸೈನಿ ಡೈ" ಎಂಬ ಲ್ಯಾಟಿನ್ ಮಾತನ್ನು ಸಹಿ ಮಾಡಿ ಸತ್ತರು ಎಂದು ಬರೆದಿಟ್ಟಿದ್ದೇನೆ. ಸದನವನ್ನು ಅನಿರ್ದಿಷ್ಟ ಕಾಲ ಮುಂದೂಡಿದರು ಎಂಬುದು ಅದರ ಅರ್ಥ. ದೋಣಿ ಮಗುಚಿದ ಸುದ್ದಿಯಲ್ಲಿ "ಫಿಯರ್ಡ್ ಡೆಡ್" ಎಂಬುದನ್ನು ಕೇಳಿ, ಭಯದಿಂದ ಸತ್ತರು ಎಂದು ಬರೆದೆ. ಬೆಳಿಗ್ಗೆ "ಮೃತಪಟ್ಟಿರಬಹುದೆಂದು ಶಂಕಿಸಲಾಗಿದೆ" ಎಂದು ಬಂದಿತು.

ಈ ಕೊನೆಯ ಮಾತಿನ ಮೇಲೆ ಮಾಸ್ತರರು ಒಂದು ತಾಸು ಪಾಠ ಹೇಳಿದ್ದು ನೆನಪಿದೆ. ವಾರ್ತೆಯ ಇಂಗ್ಲಿಷಿನಲ್ಲಿ ತನಗೆ ಎಷ್ಟು ಗೊತ್ತು ಎಂಬುದನ್ನು ಅಳೆದು ಹೇಳುವ ಮೆಟ್ಟಿಲುಗಳಿವೆ. ಕಣ್ಣಾರೆ ಕಂಡದ್ದಕ್ಕೆ ಒಂದು ಕ್ರಿಯಾಪದ, ಯಾರೋ ಹೇಳಿದ್ದಕ್ಕೆ ಇನ್ನೊಂದು, ಹೇಳಿದವನ ಮಾತಿನಲ್ಲಿ ನಂಬಿಕೆ ಸಾಲದಿದ್ದರೆ ಮತ್ತೊಂದು. ಸೆಡ್ ಎಂದರೆ ಹೇಳಿದನು. ಕ್ಲೇಮ್ಡ್ ಎಂದರೆ ಹಾಗೆಂದು ಹೇಳಿಕೊಂಡನು. ಅಡ್ಮಿಟೆಡ್ ಎಂದರೆ ಒಪ್ಪಿಕೊಂಡನು. "ಇಸ್ ರಿಪೋರ್ಟೆಡ್ ಟು ಹ್ಯಾವ್" ಎಂದರೆ ಹೀಗೆಂದು ವರದಿ ಬಂದಿದೆ, ನಾವು ಹೊಣೆಯಲ್ಲ. ನಮ್ಮ ಕನ್ನಡದ "ಅಂತೆ" ಎಂಬ ಎರಡಕ್ಷರ ಇವೆಲ್ಲದರ ಕೆಲಸವನ್ನು ಮಾಡುತ್ತದೆ ಎಂದು ನಾನೆಂದಾಗ ಅವರು ಬಹಳ ಸಂತೋಷಪಟ್ಟರು.

ಮಧ್ಯಾಹ್ನ ಬಿಡುವಿದ್ದಾಗ ನಿಧಾನಗತಿಯ ವಾರ್ತೆಯನ್ನು ಹುಡುಕುತ್ತಿದ್ದೆ. ತಂತಿ ಯಂತ್ರಗಳಿಗೆ ಹಣವಿಲ್ಲದ ಸಣ್ಣ ಊರುಗಳ ಪತ್ರಿಕೆಯವರು ಬರೆದುಕೊಳ್ಳಲೆಂದು ಆಕಾಶವಾಣಿ ಆ ವಾರ್ತೆಯನ್ನು ಉಕ್ತಲೇಖನದಂತೆ ತುಂಡು ತುಂಡಾಗಿ ಓದುತ್ತಿತ್ತು. ಪತ್ರಿಕೆಯವರಿಗೆಂದು ಬಡಿಸಿದ ಎಲೆಯಲ್ಲಿ ನಾನೂ ಕುಳಿತು ಉಂಡೆ. ಅಮೆರಿಕದ ಬಾನುಲಿಯೂ 1959ರಿಂದ ಕಲಿಯುವವರಿಗೆಂದೇ ಸುಮಾರು 1500 ಶಬ್ದಗಳೊಳಗೆ ಹೆಣೆದ ಸ್ಪೆಶಲ್ ಇಂಗ್ಲಿಷ್ ವಾರ್ತೆಯನ್ನು ಬಿತ್ತರಿಸುತ್ತಿತ್ತು. ಆದರೆ ನಮ್ಮ ಮರ್ಫಿಯಲ್ಲಿ ಅದು ಅಲೆಗಳ ಮೊರೆತದಲ್ಲಿ ಮುಳುಗಿ ಮುಳುಗಿ ಏಳುತ್ತಿತ್ತು. ನನಗೆ ಅದರಿಂದ ಹೆಚ್ಚು ಪ್ರಯೋಜನವಾಗಲಿಲ್ಲ.

ವಾರ್ತೆಯಿಂದ ಭಾಷೆ ಹತ್ತುವುದಕ್ಕೆ ಕಾರಣ ಏನೆಂದು ಈಗ ಯೋಚಿಸಿದರೆ, ಅದರ ಪುನರುಕ್ತಿಯೇ ಎನ್ನಿಸುತ್ತದೆ. ಮೊದಲಿಗೆ ಮುಖ್ಯಾಂಶ, ನಡುವೆ ವಿವರ, ಕೊನೆಗೆ ಮತ್ತೆ ಮುಖ್ಯಾಂಶ. ಇಂದು ಬಂದ ಶಬ್ದ ನಾಳೆಯೂ ಬರುತ್ತದೆ, ನಾಡಿದ್ದೂ ಬರುತ್ತದೆ. ಒಂದು ಮಸೂದೆಯೋ ಒಂದು ಬರಗಾಲವೋ ಮುಗಿಯುವವರೆಗೆ ಅದೇ ಹದಿನೈದು ಶಬ್ದಗಳು ನಮ್ಮ ಬೆನ್ನು ಬಿಡುವುದಿಲ್ಲ. ಕತೆಯ ಪುಸ್ತಕದಲ್ಲಿ ಒಮ್ಮೆ ಕಂಡ ಶಬ್ದ ಮತ್ತೆ ನೂರು ಪುಟ ಸಿಗದೇ ಹೋಗಬಹುದು. ಇಂದಿನ ವಾಹಿನಿಗಳಲ್ಲಿ ಎಂಟು ಜನ ಏಕಕಾಲಕ್ಕೆ ಕೂಗಾಡುವುದನ್ನು ನೋಡಿ ಮಕ್ಕಳು ಇಂಗ್ಲಿಷು ಕಲಿತಾರೆಂದು ಯಾರಾದರೂ ತಿಳಿದಿದ್ದರೆ, ನನಗೇನೋ ನಂಬಿಕೆಯಿಲ್ಲ. ಕೂಗುವುದನ್ನು ಕಲಿತಾರು.

1969 ನನ್ನ ಪಾಲಿಗೆ ಶಬ್ದಗಳ ಸುಗ್ಗಿಯ ವರ್ಷ. ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನರು ಅಧಿಕಾರದಲ್ಲಿದ್ದಾಗಲೇ ನಿಧನರಾದರು. "ಪಾಸ್ಡ್ ಅವೇ", "ಸ್ಟೇಟ್ ಮೋರ್ನಿಂಗ್", "ಹಾಫ್ ಮಾಸ್ಟ್" ಒಂದೇ ದಿನ ಬಂದವು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣ. "ಆರ್ಡಿನನ್ಸ್" ಎಂಬ ಶಬ್ದ ಅಂದು ನನ್ನ ಪುಸ್ತಕ ಸೇರಿತು. ಅದಾಗಿ ಎರಡೇ ದಿನಕ್ಕೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ.

ಆ ವರ್ಷದ ಪರೀಕ್ಷೆಯಲ್ಲಿ ನಮ್ಮೂರ ಜಾತ್ರೆಯ ಕುರಿತು ಪ್ರಬಂಧ ಬರೆಯಲು ಹೇಳಿದ್ದರು. ನನ್ನಲ್ಲಿದ್ದುದು ವಾರ್ತೆಯ ಇಂಗ್ಲಿಷೊಂದೇ. ತೇರಿನ ಗಾಲಿ ಹುಗಿದುದನ್ನೂ ಜನ ಮಿಣಿ ಹಿಡಿದು ಎಳೆದುದನ್ನೂ ಬರೆದು, ಪರಿಸ್ಥಿತಿ ಉದ್ವಿಗ್ನವಾಗಿದ್ದರೂ ಹತೋಟಿಯಲ್ಲಿದೆ, ಅಹಿತಕರ ಘಟನೆಗಳು ವರದಿಯಾಗಿಲ್ಲ, ಸಂಜೆಯ ಹೊತ್ತಿಗೆ ತೇರು ಮತ್ತು ಪಾದಗಟ್ಟೆಯ ನಡುವಣ ಮಾತುಕತೆ ಫಲಪ್ರದವಾಯಿತು ಎಂಬ ಧಾಟಿಯಲ್ಲಿ ಮುಗಿಸಿದೆ. ಇಂಗ್ಲಿಷಿನ ಪ್ರಾಧ್ಯಾಪಕರು ಅದನ್ನು ಇಡೀ ತರಗತಿಗೆ ಓದಿ ಹೇಳಿ ನಗಿಸಿದರು. ಆದರೆ ವ್ಯಾಕರಣದ ತಪ್ಪು ಒಂದೂ ಇರಲಿಲ್ಲವೆಂದು 100ಕ್ಕೆ 58 ಕೊಟ್ಟಿದ್ದರು. ಅಂದು ರಾತ್ರಿ ಮಾಸ್ತರರು ತಮ್ಮ ಪಾಲಿನ ಹುಗ್ಗಿಯನ್ನು ನನ್ನ ತಾಟಿಗೆ ಬಡಿಸಿದರು.

ಮುಂದೆ ಬಿ.ಎ. ಮುಗಿಸಿ 1973ರಲ್ಲಿ ಬ್ಯಾಂಕೊಂದರ ಗುಮಾಸ್ತನ ಹುದ್ದೆಗೆ ಸಂದರ್ಶನಕ್ಕೆ ಹೋದಾಗ, ಆರ್ಡಿನನ್ಸ್ ಎಂದರೇನು ಎಂದು ಕೇಳಿದರು. ನಾಲ್ಕು ವರ್ಷಗಳ ಹಿಂದಿನ ಆ ರಾತ್ರಿಯ ವಾರ್ತೆ ಕಿವಿಯಲ್ಲಿ ಹಾಗೆಯೇ ಇತ್ತು. ಸುರೊಜಿತ್ ಸೇನರ ಧಾಟಿಯಲ್ಲಿ, ಉಸಿರು ಹಿಡಿದು ಹೇಳಿದೆ. ಸಮಿತಿಯ ಹಿರಿಯರೊಬ್ಬರು ನಕ್ಕು, ಮುಖ್ಯಾಂಶಗಳನ್ನು ಮತ್ತೊಮ್ಮೆ ಹೇಳಬೇಕಿಲ್ಲ ಎಂದರು. ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅಪ್ಪನಿಗೆ ಧೋತರದ ಜೋಡು, ಅವ್ವನಿಗೆ ಇಳಕಲ್ಲ ಸೀರೆ, ಮನೆಗೊಂದು ಟ್ರಾನ್ಸಿಸ್ಟರು ತಂದೆ. ಅಪ್ಪ ಆ ಟ್ರಾನ್ಸಿಸ್ಟರನ್ನು ಹೊಲಕ್ಕೂ ಒಯ್ಯುತ್ತಿದ್ದ. "ನನ್ನ ಮಗಾ ಇದರಾಗ ಮಾತಾಡೋದೆಲ್ಲಾ ತಿಳಕೊಂತಾನ" ಎಂದು ಊರವರೆದುರು ಹೇಳುತ್ತಿದ್ದನಂತೆ.

ಇಲ್ಲಿಯವರೆಗಿನದನ್ನು ನಾನು ಅನೇಕರಿಗೆ ಹೇಳಿದ್ದೇನೆ. ಮುಂದಿನದನ್ನು ಹೇಳಿದ್ದು ಕಡಿಮೆ. ಮೊಮ್ಮಗಳು ಪುಟ ತಿರುವುತ್ತ ತಿರುವುತ್ತ ಒಂದು ಕಡೆ ನಿಂತಳು. "ಅಜ್ಜಾ, ಇಲ್ಲಿ ಅರ್ಥಾನ ಬರದಿಲ್ಲ ನೀನು." ಎಡಕ್ಕೆ ಸಿಂಕಿಂಗ್ ಎಂದಿತ್ತು. ಬಲಗಡೆ ಖಾಲಿ.

1979ರ ಮಾರ್ಚ್ ತಿಂಗಳಲ್ಲಿ ಜಯಪ್ರಕಾಶ ನಾರಾಯಣರು ಮುಂಬಯಿಯ ಆಸ್ಪತ್ರೆಯಲ್ಲಿದ್ದರು. ಅವರ ಆರೋಗ್ಯದ ವಾರ್ತೆಯಿಂದ ನಾನು ಕಲಿತ ಶಬ್ದಗಳೇ ಎರಡು ಪುಟ ಆಗಿವೆ. ಒಂದು ದಿನ ಅವರು ತೀರಿಕೊಂಡರೆಂದು ಪ್ರಧಾನಿ ಮೊರಾರ್ಜಿ ದೇಸಾಯಿಯವರೇ ಲೋಕಸಭೆಯಲ್ಲಿ ಹೇಳಿದರು; ಸದನ ಶ್ರದ್ಧಾಂಜಲಿ ಸಲ್ಲಿಸಿ ಮುಂದೂಡಿತು; ರೇಡಿಯೋದಲ್ಲಿಯೂ ಬಂದಿತು. ಸ್ವಲ್ಪ ಹೊತ್ತಿನಲ್ಲಿಯೇ ಅದು ಸುಳ್ಳೆಂದು ತಿಳಿಯಿತು. ಜೆಪಿಯವರು ಬದುಕಿದ್ದರು, ಅವರು ನಿಧನರಾದದ್ದು ಆ ವರ್ಷದ ಅಕ್ಟೋಬರ್ 8ರಂದು. ಹನ್ನೊಂದು ವರ್ಷ ವೇದವಾಕ್ಯವೆಂದು ನಂಬಿದ ಧ್ವನಿಯೂ ತಪ್ಪಬಹುದು ಎಂಬುದು ನನಗೆ ಅಂದು ಗೊತ್ತಾಯಿತು.

ಅದೇ ವರ್ಷದ ಶ್ರಾವಣದಲ್ಲಿ ಅಪ್ಪ ಹಾಸಿಗೆ ಹಿಡಿದ. ಎದೆಯಲ್ಲಿ ನೀರು ತುಂಬಿತ್ತು. ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದೆ. ಎದೆಯ ಚಿತ್ರ ತೆಗೆಯುವ ಮುಂಚೆ ಕೊರಳಲ್ಲಿರುವುದನ್ನೆಲ್ಲ ತೆಗೆಯಬೇಕೆಂದು ದಾದಿ ಹೇಳಿದಳು. ಐವತ್ತು ವರ್ಷಗಳಿಗೂ ಮಿಕ್ಕಿ ಅಪ್ಪನ ಎದೆಯ ಮೇಲಿದ್ದ ಇಷ್ಟಲಿಂಗದ ಕರಡಿಗೆಯನ್ನು, ಶಿವದಾರ ಸಹಿತ, ನಾನೇ ತೆಗೆದು ಬಟ್ಟೆಯ ಚೀಲದಲ್ಲಿರಿಸಿದೆ. ಚಿತ್ರ ತೆಗೆದ ಮೇಲೆ ಮತ್ತೆ ಕಟ್ಟುವುದೆಂದಿದ್ದೆ. ಅಷ್ಟರಲ್ಲಿ ನಳಿಗೆಗಳು, ಸೂಜಿಗಳು, ಓಡಾಟ, ಹಾಗೆಯೇ ಉಳಿಯಿತು. ರೋಗಿಯ ಬಳಿ ಒಬ್ಬರಿಗೇ ಅವಕಾಶವಿದ್ದುದರಿಂದ ಅವ್ವ ಹೊರಗಿನ ಪಡಸಾಲೆಯಲ್ಲಿ ಕುಳಿತಿದ್ದಳು. ಅವಳಿಗೆ ಇದು ತಿಳಿಯದು.

ಮೂರನೆಯ ದಿನ ಸಂಜೆ ಹಿರಿಯ ವೈದ್ಯರು ಬಂದು ನಾಡಿ ಹಿಡಿದು ನೋಡಿ, ಜೊತೆಯಲ್ಲಿದ್ದ ಕಿರಿಯರಿಗೆ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ ಮುಂದಿನ ಹಾಸಿಗೆಗೆ ನಡೆದರು. "ಹೀ ಇಸ್ ಸಿಂಕಿಂಗ್." ಧೋತರ ಉಟ್ಟ ಮುದುಕನ ಮಗನಿಗೆ ಅದು ತಿಳಿದೀತೆಂದು ಅವರು ಭಾವಿಸಿರಲಿಲ್ಲ. ನನಗೆ ತಿಳಿಯಿತು. ಹಡಗುಗಳ ಸುದ್ದಿಯಲ್ಲಿ ನೂರು ಸಲ ಕೇಳಿದ ಶಬ್ದ ಅದು; ಈ ಸಲ ಬೆಳಗಿನ ಕನ್ನಡ ವಾರ್ತೆಯ ಸಹಾಯ ಬೇಕಾಗಲಿಲ್ಲ.

ಹೊರಗೆ ಬಂದೆ. ಅವ್ವ ಎದ್ದು ನಿಂತಳು. "ಏನಂದ್ರಪಾ ಡಾಕ್ಟರು?"

ನಾನು ಆಗ ಮಾಡಿದುದನ್ನು ಇಂದಿಗೂ ವಿಂಗಡಿಸಿ ನೋಡುತ್ತೇನೆ. ರೇಡಿಯೋದವರೇ ಜೆಪಿಯವರ ವಿಷಯದಲ್ಲಿ ತಪ್ಪಿದರು; ಒಬ್ಬ ವೈದ್ಯರು ನಾಡಿ ಹಿಡಿದು ಹೇಳಿದ್ದು ತಪ್ಪಿರಬಾರದೇಕೆ ಎಂದು ಒಂದು ಮನಸ್ಸು. ಅವ್ವನ ಮುಖ ನೋಡಿ ಅದನ್ನು ಹೇಳುವ ಧೈರ್ಯವಾಗಲಿಲ್ಲ ಎಂಬುದು ಇನ್ನೊಂದು. ಇದೇ ಹೆಚ್ಚು ನಿಜ. ನಾನು ವಾರ್ತೆ ಓದುವವನಾದೆ. "ಸ್ಥಿತಿ ಗಂಭೀರ ಐತಿ ಅಂತ, ಆದರ ಸ್ಥಿರ ಐತಿ ಅಂತವ್ವಾ" ಎಂದೆ. ಆ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ಅದು ನನ್ನ ನೋಟುಬುಕ್ಕಿನ ಮಾತು. ಅವ್ವನಿಗೆ ಗಂಭೀರ ತಿಳಿಯಲಿಲ್ಲ, ಸ್ಥಿರ ಎಂಬುದು ತಿಳಿಯಿತು. "ಶಿವಾ" ಎಂದು ಗೋಡೆಗೆ ಒರಗಿ ಕುಳಿತಳು. ಎರಡು ರಾತ್ರಿ ನಿದ್ದೆಯಿಲ್ಲದ ಜೀವ, ಕುಳಿತಲ್ಲಿಯೇ ಕಣ್ಣು ಮುಚ್ಚಿತು. ಅಪ್ಪ ಬೆಳಗಿನ ಜಾವ ಹೋದ.

ಊರಿಗೆ ಒಯ್ದು, ಅಯ್ಯನವರನ್ನು ಕರೆಸಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ, ನಮ್ಮ ಹೊಲದ ಬದುವಿನಲ್ಲಿಯೇ ಕ್ರಿಯಾಸಮಾಧಿ ಮಾಡಿದೆವು. ಎಲ್ಲವೂ ಕ್ರಮದಂತೆ ನಡೆಯಿತು. ಶಿವಗಣಾರಾಧನೆ ಮುಗಿದು ಬಂದ ಬೀಗರೆಲ್ಲ ಹೋದ ಮೇಲೆ, ಅವ್ವ ನನ್ನನ್ನು ಕರೆದು ಕೂರಿಸಿಕೊಂಡು ಕೇಳಿದಳು. ಚೀಲ ಬಿಚ್ಚುವಾಗ ಕರಡಿಗೆಯನ್ನು ಅವಳು ನೋಡಿದ್ದಳು. ವೈದ್ಯರ ಮಾತು ಏನಿತ್ತೆಂದು ಈ ಸಲ ಇದ್ದಂತೆ ಹೇಳಿದೆ. ಅವಳು ಅಳಲಿಲ್ಲ.

"ನಿನಗ ಸಂಜೀಲೇ ತಿಳದಿತ್ತು. ನನಗ ಹೇಳಿದ್ದರ ಒಳಗ ಹೊಕ್ಕು ಲಿಂಗ ಅವನ ಕೈಯಾಗ ಇಡತಿದ್ದೆ. ಒಂದು ಚಮಚ ಪಾದೋದಕ ಬಾಯಿಗೆ ಬಿಡತಿದ್ದೆ. ಯಾರು ಅಡ್ಡ ಬರತಿದ್ದರೋ ನೋಡತಿದ್ದೆ. ಅವ ಊರಿಗೆ ಒಯ್ಯಿರೆಪಾ ಅಂದಿದ್ದ, ಅದನೂ ಮಾಡತಿದ್ದೆ. ಅಷ್ಟು ಇಂಗ್ಲೀಷು ಕಲ್ತಿ, ಒಂದು ಮಾತು ಕನ್ನಡದಾಗ ಹೇಳಾಕ ಬರಲಿಲ್ಲಲ್ಲೋ ನಿನಗ."

ಉತ್ತರ ಕೊಡಲಾಗಲಿಲ್ಲ. ಆ ದಿನ ನೋಟುಬುಕ್ಕಿನಲ್ಲಿ ಆ ಶಬ್ದವನ್ನು ಬರೆದೆ. ಬಲಗಡೆಗೆ ಬರೆಯಲು ಕೈ ಏಳಲಿಲ್ಲ. ಅಂಗ ಲಿಂಗಗಳನ್ನು ಅಗಲಿಸಬಾರದೆಂದು ಬಾಲ್ಯದಿಂದ ಕೇಳಿದವನು, ಕೊನೆಯ ಮೂರು ದಿನ ಅಪ್ಪನನ್ನು ಅಗಲಿಸಿ ಇಟ್ಟಿದ್ದೆ. ದಾದಿಯದೇನೂ ತಪ್ಪಿಲ್ಲ, ಅವಳು ಚಿತ್ರ ತೆಗೆಯುವಷ್ಟು ಹೊತ್ತಿಗೆ ಮಾತ್ರ ಹೇಳಿದ್ದಳು.

ಅನಂತರ ಅವ್ವ ನಮ್ಮೊಡನೆಯೇ ಬಂದಿದ್ದಳು. ಬ್ಯಾಂಕಿನಲ್ಲಿ ನನ್ನ ಮೇಜಿನೆದುರು ಇಂಗ್ಲಿಷ್ ನೋಟೀಸು ಹಿಡಿದು ಬಂದು ನಿಲ್ಲುವ ರೈತರಿಗೆ, ಅದರಲ್ಲಿ ಏನಿದೆಯೋ ಅದನ್ನು ಪೂರ್ತಿ ಓದಿ, ಸಿಹಿ ಬೆರೆಸದೆ ಕನ್ನಡದಲ್ಲಿ ಹೇಳುವ ರೂಢಿ ಮಾಡಿಕೊಂಡೆ. ಜಪ್ತಿ ಎಂದಿದ್ದರೆ ಜಪ್ತಿ ಎಂದೇ ಹೇಳುತ್ತಿದ್ದೆ, ಜೊತೆಗೆ ಎಷ್ಟು ದಿನಗಳ ಅವಧಿ ಇದೆ, ಯಾರನ್ನು ಕಾಣಬೇಕು ಎಂಬುದನ್ನೂ. ಕೆಲವರಿಗೆ ನಾನು ಕಠಿಣನೆನಿಸಿದೆ.

1984ರ ಅಕ್ಟೋಬರ್ 31ರಂದು ಮಧ್ಯಾಹ್ನ ಬ್ಯಾಂಕಿನಲ್ಲಿ ಯಾರದೋ ಟ್ರಾನ್ಸಿಸ್ಟರಿನಲ್ಲಿ ಬಿಬಿಸಿ ಹಿಡಿದಿತ್ತು. ಪ್ರಧಾನಿ ಇಂದಿರಾ ಗಾಂಧಿಯವರು ತೀರಿಕೊಂಡಿದ್ದಾರೆಂದು ಅದು ಹೇಳುತ್ತಿತ್ತು. ನಮ್ಮ ಆಕಾಶವಾಣಿಯಲ್ಲಿ ಗುಂಡೇಟಿನ ಸುದ್ದಿ ಮಾತ್ರ ಬಂದಿತ್ತು. ನಿಧನದ ವಾರ್ತೆಯನ್ನು ಅದು ಪ್ರಕಟಿಸಿದ್ದು ಸಂಜೆಗೆ. ಊಟಕ್ಕೆ ಮನೆಗೆ ಬಂದಾಗ ಅವ್ವ ರೇಡಿಯೋದ ಮುಂದೆ ಕುಳಿತಿದ್ದಳು. ಸಾರೋಟಿನಲ್ಲಿಯೋ ಮೋಟಾರಿನಲ್ಲಿಯೋ ಒಮ್ಮೆ ಇಂದಿರಮ್ಮನನ್ನು ದೂರದಿಂದ ಕಂಡವಳು ಅವಳು.

"ಇದರಾಗ ಗಾಯ ಆಗೇತಿ ಅಂತಾರ. ನೀ ಇಂಗ್ಲೀಷಿನಾಗ ಏನು ಕೇಳಿ ಬಂದಿ? ಖರೇ ಹೇಳು."

ಒಂದು ಕ್ಷಣ ಹಳೆಯ ವಾಕ್ಯಗಳೆಲ್ಲ ನಾಲಗೆಯ ತುದಿಗೆ ಬಂದವು. ನುಂಗಿದೆ. "ಬಿಬಿಸಿಯವರು ತೀರಿಕೊಂಡಾರ ಅಂತ ಹೇಳ್ಯಾರವ್ವಾ. ನಮ್ಮ ರೇಡಿಯೋದಾಗ ಇನ್ನೂ ಹೇಳಿಲ್ಲ. ನನಗ ಗೊತ್ತಿರೂದು ಇಷ್ಟ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಳು. "ಇಷ್ಟು ಹೇಳಾಕ ನಿನಗ ಐದು ವರ್ಷ ಹಿಡೀತು ನೋಡು" ಎಂದಳು. ನನ್ನ ತಲೆಯ ಮೇಲೆ ಕೈಯಿಟ್ಟು, ಊಟಕ್ಕೆ ಎಬ್ಬಿಸಿದಳು.

ಈ ಕತೆಯನ್ನೆಲ್ಲ ಕೇಳಿದ ಮೇಲೆ ಮೊಮ್ಮಗಳು ನಗುವುದನ್ನು ನಿಲ್ಲಿಸಿದ್ದಳು. ಪುಸ್ತಕದ ಕೊನೆಗೆ ಹೋದಳು. ನಡುವೆ ಬಹಳ ವರ್ಷ ಏನೂ ಬರೆದಿಲ್ಲ. ಕಡೆಯ ಪುಟದಲ್ಲಿ ಮಾತ್ರ ಬೇರೆ ಮಸಿಯಲ್ಲಿ ಒಂದು ಸಾಲಿದೆ. 2019ರ ಜನವರಿ 21ರಂದು ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅಂದು ಕನ್ನಡದ ವಾರ್ತೆಯನ್ನೂ ಇಂಗ್ಲಿಷಿನ ವಾರ್ತೆಯನ್ನೂ ಒಂದಾದ ಮೇಲೊಂದು ಕೇಳುತ್ತ ಕುಳಿತಿದ್ದೆ; ಮುದಿತನದಲ್ಲಿಯೂ ಹಳೆಯ ಚಟ. ಕನ್ನಡದವರು ಲಿಂಗೈಕ್ಯ, ಶಿವೈಕ್ಯ ಎಂದರು. ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಶಬ್ದವನ್ನು ನನ್ನ ನೋಟುಬುಕ್ಕಿನಲ್ಲಿ ಹುಡುಕಿದೆ. ಡೈಡ್, ಎಕ್ಸ್‌ಪೈರ್ಡ್, ಪಾಸ್ಡ್ ಅವೇ, ಬ್ರೀದ್ಡ್ ಹಿಸ್ ಲಾಸ್ಟ್, ಸಕ್ಕಂಬ್ಡ್, ನೋ ಮೋರ್. ಐವತ್ತು ವರ್ಷಗಳಲ್ಲಿ ಕೂಡಿಸಿದ ಮರಣದ ಶಬ್ದಗಳು ಅರ್ಧ ಪುಟದಷ್ಟಿವೆ. ಎಲ್ಲವೂ ಹೋಗುವುದನ್ನೋ ಮುಗಿಯುವುದನ್ನೋ ಹೇಳುತ್ತವೆ. ಕೂಡುವುದನ್ನು ಹೇಳುವ ಶಬ್ದ ಒಂದೂ ಇಲ್ಲ. ಆದ್ದರಿಂದ ಮೊದಲ ಸಲ ನಿಯಮ ಮುರಿದು, ಬಲಗಡೆ ಲಿಂಗೈಕ್ಯ ಎಂದು ಬರೆದು, ಎಡಗಡೆಗೂ ಅದನ್ನೇ ಬರೆದಿದ್ದೇನೆ.

"ಇದು ತಿಳೀತು" ಎಂದಳು ಮೊಮ್ಮಗಳು. ಮತ್ತೆ ಹಿಂದಿನ ಪುಟಕ್ಕೆ ಬಂದು, ಪೆನ್ನಿನ ಟೊಪ್ಪಿಗೆ ತೆಗೆದು, "ಇದರ ಮುಂದ ಏನು ಬರೀಲಿ ಅಜ್ಜಾ?" ಎಂದು ಸಿಂಕಿಂಗ್ ಎಂಬುದರ ಮೇಲೆ ಬೆರಳಿಟ್ಟಳು.

ಹಾಗೆಯೇ ಇರಲಿ ಎಂದೆ. ಬಂಗಾಳ ಉಪಸಾಗರದ ದುಃಖವನ್ನೂ ತಿದ್ದಬೇಡ ಎಂದೆ.